ಸೊಂಟದ ಕೀಲಿನ ಜೀರ್ಣೋದ್ಧಾರ

(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಕೊಟ್ಟ ಉಪನ್ಯಾಸ)



ಹರಿಹರದಲ್ಲಿ ತುಂಗಭದ್ರೆಯ ದಡದ ಮೇಲಿರುವ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳರ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿನಲ್ಲಿ ಕಟ್ಟಿಸಿದನು. ಎಂಟುನೂರು ವರ್ಷಗಳು ಕಳೆದರೂ ಅದರ ಕಂಬಗಳು ನಿಂತಿರುವುವು. ಇಂತಹ ಗುಡಿಯ ಒಂದು ಕಂಬವು ಬಿರುಕು ಬಿಟ್ಟಿತೆಂದರೆ ಊರಿನ ಹಿರಿಯರೆಲ್ಲರೂ ಸೇರಿ, ಶಿಲ್ಪಿಯು ಯಾರಾಗಬೇಕು, ಕಲ್ಲನ್ನು ಎಲ್ಲಿಂದ ತರಬೇಕು, ವೆಚ್ಚವೆಷ್ಟು ಎಂದು ದಿನಗಟ್ಟಲೆ ಆಲೋಚಿಸುವರು. ಶರಣರಾದರೋ ಶರೀರವನ್ನೇ ದೇವಾಲಯವೆಂದು ಕಂಡವರು. ಆ ದೇವಾಲಯದ ಕಂಬವು ಸೊಂಟದ ಬಳಿಯಲ್ಲಿ ಸವೆದು ಕುಸಿಯತೊಡಗಿದಾಗ, ಅಷ್ಟು ಆಲೋಚನೆಯು ಎಷ್ಟು ಮನೆಗಳಲ್ಲಿ ನಡೆಯುವುದು? “ವಯಸ್ಸಾಯಿತು, ಇನ್ನೇನು ಮಾಡುವುದು” ಎಂಬ ಒಂದೇ ಮಾತಿನಲ್ಲಿ ವಿಚಾರವು ಮುಗಿದುಹೋಗುವುದು.

ಹರಿಹರದ ಹೊಳೆಯ ಕಡೆಯ ಬೀದಿಯಲ್ಲಿರುವ ಎಪ್ಪತ್ತು ವರ್ಷದ ಒಬ್ಬ ತಾಯಿಯನ್ನು ಮನಸ್ಸಿಗೆ ತಂದುಕೊಳ್ಳಿರಿ. ಇಂತಹವರು ಎಲ್ಲ ಊರುಗಳಲ್ಲಿಯೂ ಇರುವರು. ಆಕೆಯು ಹಿಂದೆ ಪ್ರತಿ ಸೋಮವಾರವೂ ತಪ್ಪದೆ ಮಠಕ್ಕೆ ಬರುತ್ತಿದ್ದಳು. ಈಗ ವರ್ಷದಿಂದೀಚೆಗೆ ಬರುವುದನ್ನು ಬಿಟ್ಟಿರುವಳು. ನೆರೆಯವರು ಭಕ್ತಿಯು ಕಡಮೆಯಾಯಿತೆಂದು ತಿಳಿದರು. ನಿಜವೇನೆಂದರೆ, ಆಕೆಗೆ ನೆಲದ ಮೇಲೆ ಕುಳಿತುಕೊಳ್ಳುವುದಕ್ಕಾಗಲಿ, ಕುಳಿತರೆ ಏಳುವುದಕ್ಕಾಗಲಿ ಆಗದು. ಪ್ರಸಾದದ ಪಂಕ್ತಿಯಲ್ಲಿ ಇಬ್ಬರು ಹಿಡಿದೆತ್ತಬೇಕಾದೀತೆಂಬ ನಾಚಿಕೆಯಿಂದ ಆಕೆಯು ಮನೆಯಲ್ಲಿಯೇ ಉಳಿದಳು. ಇಂತಹ ತಾಯಂದಿರ ಮತ್ತು ಹಿರಿಯರ ಸಲುವಾಗಿ ಈ ವಿಷಯವನ್ನು ಇಂದಿನ ಸಭೆಯಲ್ಲಿ ಎತ್ತಿಕೊಳ್ಳಲಾಗಿದೆ.

ಸೊಂಟದ ಕೀಲೆಂದರೆ ತೊಡೆಯೆಲುಬಿನ ಮೇಲ್ತುದಿಯಲ್ಲಿರುವ ಒಂದು ಗುಂಡು ಮತ್ತು ಅದು ಕುಳಿತಿರುವ ಒಂದು ಬಟ್ಟಲು. ಇವೆರಡರ ಮೇಲೆಯೂ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುವುದು. ಈ ಹೊದಿಕೆಯು ಸವೆದರೆ ಎಲುಬು ಎಲುಬಿಗೆ ತಿಕ್ಕಿ ನೋವು ಹುಟ್ಟುವುದು. ಈ ನೋವು ಹೆಚ್ಚಾಗಿ ತೊಡೆಯ ಸಂದಿನಲ್ಲಿ ಕಾಣಿಸಿಕೊಂಡು ಮೊಣಕಾಲಿನವರೆಗೂ ಇಳಿಯುವುದುಂಟು. ಆದುದರಿಂದ ಕೆಲವರು ಬಹುಕಾಲ ಮೊಣಕಾಲಿಗೇ ಎಣ್ಣೆ ತಿಕ್ಕುತ್ತಿರುವರು. ಬೆನ್ನೆಲುಬಿನ ದೋಷವೂ ಇದೇ ಬಗೆಯ ನೋವನ್ನು ತೋರಿಸಬಲ್ಲದು. ಆದಕಾರಣ ಎಕ್ಸ್-ರೇ ಮಾಡಿಸಿ, ವೈದ್ಯರು ಕಾಲನ್ನು ತಿರುಗಿಸಿ ನೋಡಿದ ತರುವಾಯವೇ ನಿರ್ಣಯಿಸತಕ್ಕದ್ದು.

ವಯಸ್ಸಿನ ಸವೆತವೊಂದೇ ಇದಕ್ಕೆ ಕಾರಣವಲ್ಲ. ಸಂಧಿವಾತದಿಂದಲೂ, ಗುಂಡಿಗೆ ರಕ್ತವು ಬಾರದೆ ಎಲುಬು ಸಾಯುವುದರಿಂದಲೂ ಕೀಲು ಕೆಡುವುದು. ಬಹುದಿನ ಸ್ಟೀರಾಯ್ಡ್ ಔಷಧವನ್ನು ತೆಗೆದುಕೊಂಡವರಲ್ಲಿಯೂ, ಮಿತಿಮೀರಿ ಮದ್ಯಪಾನ ಮಾಡುವವರಲ್ಲಿಯೂ ಈ ಎರಡನೆಯ ವ್ಯಾಧಿಯು ಮೂವತ್ತು ನಲವತ್ತರ ವಯಸ್ಸಿನಲ್ಲಿಯೇ ಬರಬಹುದು. 2020-21ರ ಕೋವಿಡ್ ಕಾಲದಲ್ಲಿ ಸ್ಟೀರಾಯ್ಡ್ ಪಡೆದ ಕೆಲವರಲ್ಲಿ ವೈದ್ಯರು ಇದನ್ನು ಕಂಡಿರುವರು. ಇನ್ನು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ, 1975ರ ಸುಮಾರಿಗೆ ಬೆಳಕಿಗೆ ಬಂದು ಹಂದಿಗೋಡು ಗ್ರಾಮದ ಹೆಸರನ್ನೇ ಹೊತ್ತ ವ್ಯಾಧಿಯಾದರೋ, ವಂಶಪಾರಂಪರ್ಯವಾಗಿ ಬಂದು ಬಡ ಕೂಲಿಕಾರರ ಕುಟುಂಬಗಳ ಸೊಂಟದ ಕೀಲುಗಳನ್ನು ಕೆಡಿಸಿರುವುದು. ಹೀಗಿರುವಾಗ ಕುಂಟುವವನನ್ನು ಕಂಡು ಮುಪ್ಪೆಂದೋ ಕರ್ಮವೆಂದೋ ಹೇಳಿ ಸುಮ್ಮನಾಗುವುದು ಸರಿಯಲ್ಲ.

ಆದರೆ ನೋವೆಂದೊಡನೆ ಶಸ್ತ್ರವನ್ನು ಹಿಡಿಯಬೇಕಾದುದಿಲ್ಲ. ದೇಹದ ಭಾರವನ್ನು ಇಳಿಸುವುದು, ವ್ಯಾಯಾಮ, ನೋವಿನ ಔಷಧ, ಊರುಗೋಲು ಇವುಗಳನ್ನು ಮೊದಲು ನೋಡತಕ್ಕದ್ದು. ಊರುಗೋಲನ್ನು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕೆಂಬುದು ಅನೇಕರಿಗೆ ತಿಳಿಯದು. ಇವೆಲ್ಲವನ್ನೂ ಮಾಡಿದ ಮೇಲೆಯೂ ರಾತ್ರಿ ನಿದ್ರೆಯಿಲ್ಲ, ಮನೆಯ ಹೊಸ್ತಿಲು ದಾಟುವುದಾಗದು ಎಂಬ ಸ್ಥಿತಿಯು ಬಂದರೆ, ಕೀಲನ್ನು ಬದಲಾಯಿಸುವ ವಿಚಾರವನ್ನು ಮುಂದೂಡುತ್ತ ಹೋಗಬಾರದು. ಬಹುಕಾಲ ನಡೆಯದ ಕಾಲಿನ ಮಾಂಸಖಂಡಗಳು ಬಡವಾಗಿ, ಚೇತರಿಕೆಯು ಕಷ್ಟವಾಗುವುದು.

ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯೆಲುಬಿನ ಕತ್ತು ಮುರಿದ ವೃದ್ಧರ ಮಾತು ಬೇರೆ. ಅಲ್ಲಿ ತಿಂಗಳುಗಟ್ಟಲೆ ಆಲೋಚನೆಗೆ ಅವಕಾಶವಿಲ್ಲ. ದೇಹಸ್ಥಿತಿಯು ಒಪ್ಪಿದರೆ ಒಂದೆರಡು ದಿನಗಳೊಳಗಾಗಿ ಶಸ್ತ್ರಚಿಕಿತ್ಸೆಯಾಗುವುದು ಮೇಲು. ಹಾಸಿಗೆ ಹಿಡಿದ ವೃದ್ಧರಿಗೆ ನ್ಯುಮೋನಿಯಾ, ಬೆನ್ನಿನ ಹುಣ್ಣು, ರಕ್ತನಾಳದಲ್ಲಿ ಗಡ್ಡೆ ಇವು ಬೇಗನೆ ಬರುವುವು. ಇಂತಹ ಮುರಿತಕ್ಕೆ ಪಟ್ಟು ಕಟ್ಟಿಸುತ್ತಲೋ ಎಣ್ಣೆ ತಿಕ್ಕಿಸುತ್ತಲೋ ಕಳೆದ ಒಂದೊಂದು ದಿನವೂ ನಷ್ಟವೇ. ಆದುದರಿಂದ ಯಾವ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಹಿರಿಯರಿರುವ ಮನೆಯವರು ಮೊದಲೇ ತಿಳಿದಿರತಕ್ಕದ್ದು.

ಇನ್ನು ಶಸ್ತ್ರವೈದ್ಯನ ಆಯ್ಕೆ. ಇದಕ್ಕೆ ಅಳತೆಗೋಲು ಯಾವುದೆಂದು ತಿಳಿಯಬೇಕಾದರೆ ಈ ಚಿಕಿತ್ಸೆಯು ಹುಟ್ಟಿದ ಬಗೆಯನ್ನು ನೋಡಬೇಕು. ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿರುವ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿ ಎಂಬ ಶಸ್ತ್ರವೈದ್ಯನು 1958ರ ಸುಮಾರಿನಿಂದ ಲೋಹದ ಗುಂಡಿಗೆ ಟೆಫ್ಲಾನಿನ ಬಟ್ಟಲನ್ನು ಜೋಡಿಸಿ ಸುಮಾರು 300 ಮಂದಿಗೆ ಕೀಲನ್ನು ಹಾಕಿದನು. ಮೊದಮೊದಲು ರೋಗಿಗಳು ನೋವಿಲ್ಲದೆ ನಡೆದರು, ಎಲ್ಲರೂ ಹೊಗಳಿದರು. ಕೆಲವೇ ವರ್ಷಗಳಲ್ಲಿ ಟೆಫ್ಲಾನು ಸವೆದು, ಅದರ ಪುಡಿಯಿಂದ ಸುತ್ತಲಿನ ಮಾಂಸವು ಕೆರಳಿ, ಕೀಲುಗಳು ಸಡಿಲವಾದುವು. ಚಾರ್ನ್ಲಿಯು ಈ ಸೋಲನ್ನು ಮುಚ್ಚಿಡಲಿಲ್ಲ. ತನ್ನ ತೊಡೆಯೊಳಗೇ ಆ ಪದಾರ್ಥವನ್ನೂ, ಹೊಸದಾಗಿ ಬಂದ ಪಾಲಿಥೀನನ್ನೂ ಇರಿಸಿಕೊಂಡು ದೇಹವು ಯಾವುದನ್ನು ಸಹಿಸುವುದೆಂದು ಪರೀಕ್ಷಿಸಿದನು. 1962ರ ನವೆಂಬರಿನಲ್ಲಿ ಗಟ್ಟಿ ಪಾಲಿಥೀನಿನ ಬಟ್ಟಲನ್ನು ಬಳಸತೊಡಗಿದನು. ಇಂದು ಲೋಕದಲ್ಲಿ ನಡೆಯುವ ಈ ಚಿಕಿತ್ಸೆಗೆ ಅದೇ ಅಡಿಗಲ್ಲು. 2019ರಲ್ಲಿ ಪ್ರಕಟವಾದ, ಆಸ್ಟ್ರೇಲಿಯಾ ಮತ್ತು ಫಿನ್ಲೆಂಡ್ ದೇಶಗಳ ದಾಖಲೆಗಳನ್ನು ಆಧರಿಸಿದ ಒಂದು ಅಧ್ಯಯನದ ಪ್ರಕಾರ, ಹೀಗೆ ಹಾಕಿದ ನೂರು ಕೀಲುಗಳಲ್ಲಿ ಸುಮಾರು 58 ಕೀಲುಗಳು 25 ವರ್ಷಗಳವರೆಗೆ ಬಾಳುವುವು.

ತನ್ನ ರೋಗಿಗಳು ಮುಂದೆ ಏನಾದರೆಂಬುದನ್ನು ಹಿಂಬಾಲಿಸಿ ನೋಡುವವನೂ, ತನ್ನ ಕೈಯಿಂದಾದ ಸೋಲನ್ನು ಒಪ್ಪಿ ಹೇಳುವವನೂ ನಂಬತಕ್ಕ ಶಸ್ತ್ರವೈದ್ಯನು. “ಏನೂ ಆಗುವುದಿಲ್ಲ, ನೂರಕ್ಕೆ ನೂರು ಗುಣ” ಎಂದು ಹೇಳುವವನಿಗಿಂತ, “ನೂರರಲ್ಲಿ ಸುಮಾರು ಒಬ್ಬರಿಗೆ ಕೀಲಿನಲ್ಲಿ ಸೋಂಕು ತಗಲುವುದು; ಕೆಲವರಲ್ಲಿ ಗುಂಡು ಬಟ್ಟಲಿನಿಂದ ಜಾರುವುದು; ಕಾಲುಗಳ ಉದ್ದದಲ್ಲಿ ಸ್ವಲ್ಪ ವ್ಯತ್ಯಾಸವಾಗಬಹುದು; ರಕ್ತವು ಗಡ್ಡೆಕಟ್ಟಬಹುದು; ಹಾಗಾದರೆ ಇಂತಿಂತಹ ಉಪಾಯವಿದೆ” ಎಂದು ಹೇಳುವವನೇ ಮೇಲು. ಭಕ್ತನು ಗುರುವನ್ನು ಅರಸುವಾಗ ವೇಷಕ್ಕೂ ವಾಕ್ಚಾತುರ್ಯಕ್ಕೂ ಮರುಳಾಗದೆ ನಡೆಯನ್ನು ನೋಡುವನಷ್ಟೆ. ಇಲ್ಲಿಯೂ ಅದೇ ವಿವೇಕವು ಬೇಕು. ವಿಚಾರಿಸುವುದು ಅವಿಶ್ವಾಸವಲ್ಲ, ವಿಚಾರಿಸಿದ ಮೇಲೆ ಇಡುವ ವಿಶ್ವಾಸವು ಗಟ್ಟಿಯಾದುದು.

ಹಾಗಾದರೆ ವಿಚಾರಿಸತಕ್ಕ ಸಂಗತಿಗಳು ಯಾವುವೆಂದರೆ: ಮೊದಲನೆಯದು, ಈ ಚಿಕಿತ್ಸೆಯನ್ನು ವೈದ್ಯರು ವರ್ಷಕ್ಕೆ ಎಷ್ಟು ಸಲ ಮಾಡುವರು ಎಂಬುದು. ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದ ದಾಖಲೆಗಳಿಂದ 2014ರಲ್ಲಿ ಪ್ರಕಟವಾದ ಅಧ್ಯಯನವು, ವರ್ಷಕ್ಕೆ 35ಕ್ಕಿಂತ ಕಡಮೆ ಸೊಂಟದ ಕೀಲುಗಳನ್ನು ಬದಲಾಯಿಸುವವರ ರೋಗಿಗಳಲ್ಲಿ ಕೀಲು ಜಾರುವುದೂ, ಬೇಗನೆ ಮರಳಿ ಶಸ್ತ್ರಚಿಕಿತ್ಸೆ ಬೇಕಾಗುವುದೂ ಹೆಚ್ಚೆಂದು ತೋರಿಸಿತು. ಅಭ್ಯಾಸವು ಕೈಗೆ ಕೊಡುವ ಹದವನ್ನು ನೇಕಾರನೂ ಬಡಗಿಯೂ ಬಲ್ಲರು. ಎರಡನೆಯದು, ಶಸ್ತ್ರವನ್ನು ತಾವೇ ಹಿಡಿಯುವರೋ, ಬೇರೊಬ್ಬರಿಗೆ ಒಪ್ಪಿಸುವರೋ. ಮೂರನೆಯದು, ಹಾಕುವ ಕೀಲು ಯಾವುದು, ಅದನ್ನು ಎಷ್ಟು ವರ್ಷಗಳಿಂದ ಬಳಸುತ್ತಿರುವರು. ಹೊಸದೆಲ್ಲವೂ ಒಳ್ಳೆಯದಲ್ಲ; ಲೋಹಕ್ಕೆ ಲೋಹವೇ ತಿಕ್ಕುವಂತೆ ಮಾಡಿದ ಒಂದು ಬಗೆಯ ಕೀಲನ್ನು ಬಹಳ ಹೊಗಳಿ ಮಾರಿ, ಕೊನೆಗೆ 2010ರಲ್ಲಿ ಲೋಕದಾದ್ಯಂತ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ನಾಲ್ಕನೆಯದು, ಆಸ್ಪತ್ರೆಯಲ್ಲಿ ತೀವ್ರನಿಗಾ ಘಟಕವೂ, ರಕ್ತವನ್ನು ಒದಗಿಸುವ ಏರ್ಪಾಡೂ, ಫಿಜಿಯೋಥೆರಪಿಯವರೂ ಇರುವರೋ. ಐದನೆಯದು, ಒಟ್ಟು ವೆಚ್ಚವೆಷ್ಟು. ಅದರಲ್ಲಿ ಕೀಲಿನ ಬೆಲೆಯು ಸೇರಿದೆಯೋ ಇಲ್ಲವೋ. ಕೀಲಿನ ಪೆಟ್ಟಿಗೆಯ ಮೇಲಿರುವ ಚೀಟಿಗಳನ್ನು ಕೇಳಿ ಪಡೆದು, ಮನೆಯ ಪತ್ರಗಳೊಡನೆ ಭದ್ರವಾಗಿ ಇಡತಕ್ಕದ್ದು. ಇಪ್ಪತ್ತು ವರ್ಷಗಳ ಮೇಲೆ ಮತ್ತೊಬ್ಬ ವೈದ್ಯನಿಗೆ ಅದೇ ದಾರಿ ತೋರಿಸುವುದು. ಈ ಪ್ರಶ್ನೆಗಳಿಗೆ ಕೋಪಿಸಿಕೊಳ್ಳುವ ವೈದ್ಯನಿಗೆ ನಮಸ್ಕರಿಸಿ ಇನ್ನೊಬ್ಬರ ಬಳಿಗೆ ಹೋಗಬಹುದು. ಎರಡನೆಯ ಅಭಿಪ್ರಾಯವನ್ನು ಪಡೆಯುವುದರಿಂದ ಒಳ್ಳೆಯ ವೈದ್ಯನಿಗೆ ಅಪಮಾನವಾಗದು.

ದೂರದ ಊರಿನ ದೊಡ್ಡ ಹೆಸರಿನ ಕಡೆಗೆ ಮನಸ್ಸು ಓಡುವುದು ಸಹಜ. ಬೆಂಗಳೂರು, ಹುಬ್ಬಳ್ಳಿ, ಮಣಿಪಾಲಗಳಿಗೆ ಹೋಗುವವರು ಹೋಗಲಿ. ಮೊದಲಿನ ಕೀಲು ಕೆಟ್ಟು ಮರಳಿ ಮಾಡಿಸಬೇಕಾದ ಕಷ್ಟದ ಪ್ರಸಂಗಗಳಲ್ಲಿ ಅದು ಬೇಕಾಗಬಹುದು. ಆದರೆ ದಾವಣಗೆರೆಯು ವೈದ್ಯವಿದ್ಯೆಯಲ್ಲಿ ಬಡ ಊರಲ್ಲ. ಚಿತ್ರದುರ್ಗದ ಬೃಹನ್ಮಠದ ಜಗದ್ಗುರು ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳವರ ಹೆಸರನ್ನು ಹೊತ್ತ ವೈದ್ಯಕೀಯ ಮಹಾವಿದ್ಯಾಲಯವು ಇಲ್ಲಿ 1965ರಲ್ಲಿ ಆರಂಭವಾಯಿತು. ಬಾಪೂಜಿ ಆಸ್ಪತ್ರೆಯೂ, ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ, 2006ರಲ್ಲಿ ಆರಂಭವಾದ ಎಸ್.ಎಸ್. ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇಲ್ಲಿರುವುವು. ಯಾವುದೊಂದು ಸಂಸ್ಥೆಯನ್ನು ಹೊಗಳುವುದೂ ತೆಗಳುವುದೂ ಇಲ್ಲಿಯ ಉದ್ದೇಶವಲ್ಲ. ಮೇಲೆ ಹೇಳಿದ ಪ್ರಶ್ನೆಗಳನ್ನು ಎಲ್ಲ ಕಡೆಯೂ ಕೇಳತಕ್ಕದ್ದೇ. ಆದರೆ ಹರಿಹರದ ಮನೆಗೆ ದಾವಣಗೆರೆಯು ಹದಿನಾಲ್ಕು ಕಿಲೋಮೀಟರಿನ ದಾರಿ. ಹೊಲಿಗೆ ತೆಗೆಸುವುದಕ್ಕೂ, ಗಾಯದಲ್ಲಿ ಕೆಂಪು ಕಂಡ ರಾತ್ರಿ ತೋರಿಸುವುದಕ್ಕೂ ಅರ್ಧ ಗಂಟೆಯಲ್ಲಿ ಮುಟ್ಟುವ ವೈದ್ಯನು, ಇನ್ನೂರ ಅರುವತ್ತು ಕಿಲೋಮೀಟರು ಆಚೆಗಿರುವ ಪ್ರಖ್ಯಾತನಿಗಿಂತ ಎಷ್ಟೋ ಸಲ ಹೆಚ್ಚು ಉಪಯೋಗಕ್ಕೆ ಬರುವನು.

ಹಣವಿಲ್ಲದವರು ನಿರಾಶರಾಗಬೇಕಾದುದಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಅವಕಾಶವಿರುವುದು. ಯಾವ ಆಸ್ಪತ್ರೆಯಲ್ಲಿ ಈ ಚಿಕಿತ್ಸೆಗೆ ಯೋಜನೆಯು ಅನ್ವಯಿಸುವುದು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವು ಬೇಕೋ ಎಂಬುದನ್ನು ಸೇರುವ ಮೊದಲೇ ಕೇಳಿ ತಿಳಿಯತಕ್ಕದ್ದು. ಸಾಲ ಮಾಡಿದ ಮೇಲೆ ಕೇಳಿದರೆ ಫಲವಿಲ್ಲ.

ಶಸ್ತ್ರಚಿಕಿತ್ಸೆಗೆ ದಿನವು ಗೊತ್ತಾದ ಮೇಲೆ ರೋಗಿಯ ಮತ್ತು ಮನೆಯವರ ಕೆಲಸವು ಆರಂಭವಾಗುವುದು. ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರಬೇಕು. ಹುಳುಕು ಹಲ್ಲು, ಚರ್ಮದ ಹುಣ್ಣು, ಮೂತ್ರದ ಸೋಂಕು ಇದ್ದರೆ ಮೊದಲು ಗುಣಪಡಿಸಿಕೊಳ್ಳಬೇಕು. ಬೀಡಿಯನ್ನೂ ಎಲೆಯಡಿಕೆಯ ಜೊತೆಯ ಹೊಗೆಸೊಪ್ಪನ್ನೂ ಬಿಡಬೇಕು. ರಕ್ತವನ್ನು ತೆಳುವಾಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. ಮನೆಯಲ್ಲಿ ಎತ್ತರದ ಮಂಚ, ಕೈಗಳಿರುವ ಎತ್ತರದ ಕುರ್ಚಿ, ಕಮೋಡು, ಬಚ್ಚಲಿನ ಗೋಡೆಗೆ ಹಿಡಿಕೆ ಇವುಗಳನ್ನು ಅಣಿಮಾಡಿ, ಕಾಲಿಗೆ ತೊಡರುವ ಚಾಪೆ ಜಮಖಾನೆಗಳನ್ನು ತೆಗೆದಿಡಬೇಕು.

ಇಲ್ಲಿ ಭಕ್ತರಿಗೆ ವಿಶೇಷವಾದ ಒಂದು ಸಂದೇಹವುಂಟು. ಶಸ್ತ್ರಾಗಾರದೊಳಗೆ ಮೈಮೇಲಿನ ಎಲ್ಲವನ್ನೂ ತೆಗೆಯಿರೆಂದು ಹೇಳುವರು, ಇಷ್ಟಲಿಂಗವನ್ನು ಅಗಲುವುದೆಂತು? ಈ ಒಂದು ಸಂಕಟದಿಂದಲೇ ಹಿಂಜರಿಯುವ ಹಿರಿಯರಿರುವರು. ವೈದ್ಯರು ಹಾಗೆ ಹೇಳುವುದಕ್ಕೆ ಕಾರಣವಿದೆ. ರಕ್ತವನ್ನು ತಡೆಯುವುದಕ್ಕೆ ಅವರು ವಿದ್ಯುತ್ತಿನ ಉಪಕರಣವನ್ನು ಬಳಸುವರು. ಬೆಳ್ಳಿಯ ಕರಡಿಗೆಯಂತಹ ಲೋಹವು ಮೈಗೆ ತಗಲಿದ್ದರೆ ಅಲ್ಲಿ ಸುಡುವ ಭಯವುಂಟು. ಶಿವದಾರದ ಮೂಲಕ ಸೋಂಕು ಸೇರಲೂಬಹುದು. ಇದನ್ನು ಶಸ್ತ್ರಚಿಕಿತ್ಸೆಯ ಬೆಳಗ್ಗೆ ಬಾಗಿಲಲ್ಲಿ ನಿಂತು ವಾದಿಸದೆ, ಮೊದಲೇ ವೈದ್ಯರಿಗೂ ಗುರುಗಳಿಗೂ ಅರಿಕೆ ಮಾಡಿಕೊಳ್ಳತಕ್ಕದ್ದು. ಮಗನೋ ಮಗಳೋ ಮಡಿವಸ್ತ್ರದಲ್ಲಿ ಲಿಂಗವನ್ನು ಹಿಡಿದು ಹೊರಗೆ ಕುಳಿತಿದ್ದು, ಎಚ್ಚರವಾದೊಡನೆ ಅಂಗೈಗೆ ಕೊಡಬಹುದು. ಇಷ್ಟಲಿಂಗದೊಡನೆ ಪ್ರಾಣಲಿಂಗ ಭಾವಲಿಂಗಗಳನ್ನೂ ಹೇಳಿದ ಧರ್ಮವಿದು. ಆ ಎರಡನ್ನೂ ಯಾವ ಶಸ್ತ್ರವೂ ಅಗಲಿಸಲಾರದೆಂಬ ಅರಿವು ಒಳಗೆ ಹೋಗುವ ಭಕ್ತನಿಗೆ ಧೈರ್ಯವಾಗಲಿ.

ಶಸ್ತ್ರವೈದ್ಯನ ಕೆಲಸವು ಒಂದೆರಡು ಗಂಟೆಗಳದು. ರೋಗಿಯ ಕೆಲಸವು ಮೂರು ತಿಂಗಳದು. ಅದೇ ದಿನವೋ ಮರುದಿನವೋ ವಾಕರ್ ಹಿಡಿಸಿ ನಿಲ್ಲಿಸುವರು. “ಇಷ್ಟು ಬೇಗ ಏಕೆ ಹಿಂಸೆ” ಎಂದು ಮನೆಯವರು ತಡೆಯಬಾರದು. ಬೇಗ ನಿಲ್ಲುವುದರಿಂದಲೇ ರಕ್ತದ ಗಡ್ಡೆಯೂ ಶ್ವಾಸಕೋಶದ ತೊಂದರೆಯೂ ದೂರವಾಗುವುವು. ಹಾಸಿಗೆಯಲ್ಲಿರುವಾಗ ಗಂಟೆಗೊಮ್ಮೆ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಶಸ್ತ್ರವಾದ ಕಾಲು ಮೊದಲು. ಹೊಲಿಗೆಗಳನ್ನು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ತೆಗೆಯುವರು. ಅಲ್ಲಿಯವರೆಗೆ ಗಾಯಕ್ಕೆ ಅರಿಸಿನವನ್ನಾಗಲಿ, ಎಣ್ಣೆಯನ್ನಾಗಲಿ, ವಿಭೂತಿಯನ್ನಾಗಲಿ ಹಚ್ಚಬಾರದು. ವಿಭೂತಿಯ ಸ್ಥಾನ ಹಣೆಯಲ್ಲಿರುವುದು. ರಕ್ತವು ಗಡ್ಡೆಕಟ್ಟದಂತೆ ಕೊಟ್ಟ ಔಷಧವನ್ನು ಹೇಳಿದಷ್ಟು ದಿನವೂ ತಪ್ಪದೆ ತೆಗೆದುಕೊಳ್ಳಬೇಕು.

ಮೀನಖಂಡವು ಊದಿ ನೋಯುವುದು, ಉಸಿರು ಕಟ್ಟುವುದು, ಜ್ವರ, ಗಾಯದಿಂದ ನೀರು ಅಥವಾ ಕೀವು ಸೋರುವುದು, ಫಕ್ಕನೆ ಅಸಹ್ಯವಾದ ನೋವು ಬಂದು ಕಾಲು ಗಿಡ್ಡವಾದಂತೆ ತೋರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗತಕ್ಕದ್ದು.

ಹೊಸ ಕೀಲಿನ ಸುತ್ತಲಿನ ಮಾಂಸವು ಗಟ್ಟಿಯಾಗುವವರೆಗೆ, ಎಂದರೆ ಆರರಿಂದ ಹನ್ನೆರಡು ವಾರಗಳವರೆಗೆ, ಅನೇಕ ವೈದ್ಯರು ಕೆಲವು ನಿಷೇಧಗಳನ್ನು ಹೇಳುವರು. ಸೊಂಟವನ್ನು ತೊಂಬತ್ತು ಅಂಶಗಳಿಗಿಂತ ಹೆಚ್ಚಾಗಿ ಬಗ್ಗಿಸಬಾರದು. ಕಾಲ ಮೇಲೆ ಕಾಲು ಹಾಕಬಾರದು. ಪಾದವನ್ನು ಒಳಕ್ಕೆ ತಿರುಗಿಸಬಾರದು. ಮಲಗುವಾಗ ಕಾಲುಗಳ ನಡುವೆ ದಿಂಬನ್ನು ಇಡಬೇಕು. ಈ ನಿಷೇಧಗಳು ಶಸ್ತ್ರವನ್ನು ಯಾವ ಕಡೆಯಿಂದ ಹಾಕಿದರೆಂಬುದನ್ನು ಅನುಸರಿಸಿ ಬೇರೆಬೇರೆಯಾಗುವುವಾದುದರಿಂದ, ತಮ್ಮ ವೈದ್ಯರ ಮಾತೇ ಪ್ರಮಾಣ. ಮುಂದೆ ನೆಲದ ಮೇಲೆ ಕುಳಿತುಕೊಳ್ಳಬಹುದೇ, ಕುಕ್ಕರುಗಾಲಲ್ಲಿ ಕೂರಬಹುದೇ ಎಂಬುದನ್ನೂ ಅವರನ್ನೇ ಕೇಳಬೇಕು. ಕೆಲವರಿಗೆ ಅನುಮತಿ ದೊರೆಯುವುದು. ಹಲವರಿಗೆ ಜನ್ಮವಿಡೀ ಕುರ್ಚಿಯೇ ಸುರಕ್ಷಿತ.

ಹರಿಹರದ ಆ ತಾಯಿಯ ಮನಸ್ಸು ನೋಯುವುದು ಇಲ್ಲಿಯೇ. ಕಾಲು ಮಡಿಸಿ ಕುಳಿತು ಲಿಂಗಪೂಜೆ ಮಾಡಿದ ಅರುವತ್ತು ವರ್ಷಗಳ ಅಭ್ಯಾಸ. ನೋವು ಹೋಯಿತು, ನಡಿಗೆ ಬಂದಿತು, ಆದರೆ ಕುರ್ಚಿಯ ಮೇಲೆ ಕುಳಿತು ಮಾಡಿದ ಪೂಜೆಯು ಪೂಜೆಯೇ ಎಂಬ ಅಳುಕು. ಈ ಅಳುಕಿನಿಂದ ಗುಟ್ಟಾಗಿ ನೆಲಕ್ಕೆ ಕುಳಿತು ಕೀಲನ್ನು ಜಾರಿಸಿಕೊಳ್ಳುವ ಅಪಾಯವುಂಟು. ಆಕೆಗೆ ಹೇಳತಕ್ಕ ಮಾತು ಇಷ್ಟೇ: ಇಷ್ಟಲಿಂಗದ ಪೀಠವು ಎಡದ ಅಂಗೈ, ಮಡಿಸಿದ ಕಾಲಲ್ಲ. ಬೆನ್ನು ನೆಟ್ಟಗಿದ್ದು, ದೃಷ್ಟಿಯು ಲಿಂಗದಲ್ಲಿ ನಿಂತರೆ ಕುರ್ಚಿಯೂ ಗದ್ದುಗೆಯೇ. ಗುರುಗಳ ಮುಂದೆ ನೆಲಕ್ಕೆ ಬಾಗಿ ನಮಸ್ಕರಿಸಲಾಗದವರು ನಿಂತಲ್ಲಿಯೇ ಕೈಮುಗಿದರೆ ಭಕ್ತಿಗೆ ಕೊರತೆಯಿಲ್ಲ. ಇದನ್ನು ಮನೆಯವರು ನೂರು ಸಲ ಹೇಳುವುದಕ್ಕಿಂತ ಮಠವು ಒಂದು ಸಲ ತೋರಿಸಿಕೊಡುವುದು ಹೆಚ್ಚು.

ದಾವಣಗೆರೆಯ ವಿರಕ್ತಮಠದಲ್ಲಿ 1913ರಲ್ಲಿ ಹರ್ಡೇಕರ ಮಂಜಪ್ಪನವರು ಬಸವ ಜಯಂತಿಯ ಉತ್ಸವವನ್ನು ಆರಂಭಿಸಿದರು. ಅಂದು ಹೊಸದಾಗಿದ್ದುದು ಇಂದು ನಾಡಿನ ಸಂಪ್ರದಾಯವಾಗಿದೆ. ಹಾಗೆಯೇ ಈ ಮಹೋತ್ಸವದ ನೆನಪಿಗಾಗಿ ಒಂದು ಸಣ್ಣ ಹೊಸ ರೂಢಿಯು ಆರಂಭವಾಗಲಿ. ದಾಸೋಹದ ಮನೆಯಲ್ಲಿ ನೆಲದ ಪಂಕ್ತಿಯ ಪಕ್ಕದಲ್ಲಿಯೇ ಎತ್ತರದ ಕುರ್ಚಿಗಳೂ ಮೇಜುಗಳೂ ಇರುವ ಒಂದು ಸಾಲು. ಗದ್ದುಗೆಯ ಮೆಟ್ಟಿಲಿಗೆ ಒಂದು ಹಿಡಿಕೆ. ಪೂಜೆಯ ಅಂಗಳದಲ್ಲಿ ನಾಲ್ಕು ಬೆಂಚುಗಳು. ಆ ಸಾಲನ್ನು ಮೂಲೆಯಲ್ಲಿ ಇಡದೆ ಪಂಕ್ತಿಯ ಮೊದಲಲ್ಲಿ ಇಟ್ಟು, ಪ್ರಸಾದವನ್ನು ಅಲ್ಲಿಂದಲೇ ಬಡಿಸತೊಡಗಿದರೆ, ಕೋಲೂರಿ ಬಂದ ಹಿರಿಯರ ನಾಚಿಕೆಯು ಒಂದೇ ದಿನದಲ್ಲಿ ಕಳೆಯುವುದು. ಇದಕ್ಕೆ ಬೇಕಾದ ಹಣವು ಒಂದು ದಿನದ ಹೂವಿನ ಅಲಂಕಾರದ ವೆಚ್ಚವನ್ನು ಮೀರದು.

ಭಕ್ತರ ಪಾಲಿನ ಕೆಲಸವೂ ಒಂದಿದೆ. ಈ ಸೋಮವಾರ ಮಠಕ್ಕೆ ಬರುವಾಗ, ಮೊದಲು ಬರುತ್ತಿದ್ದು ಈಗ ಬಾರದಿರುವ ಹಿರಿಯರು ಯಾರೆಂದು ನೆನೆದು, ಅವರ ಮನೆಯ ಬಾಗಿಲಿಗೆ ಹೋಗಿ, “ಏಕೆ ಬರಲಿಲ್ಲ?” ಎಂದು ಕೇಳುವುದನ್ನು ಬಿಟ್ಟು, “ಅವ್ವಾ, ಎಲ್ಲಿ ನೋಯುವುದು?” ಎಂದು ಕೇಳಲಿ.